ಮಲ್ಲಿಕಮ್ಮನಿಗೆ ಹೊಡೆಯದ ಗಂಟೆ

ಚರ್ಚಿನಲ್ಲಿ ಜಗಳ ಬಗೆಹರಿಸುವ ದಿನ ಬೆಂಚುಗಳನ್ನು ಗೋಡೆಗೆ ಸರಿಸಿ ನಡುವೆ ಜಮಖಾನ ಹಾಸುವುದು ನನ್ನ ಕೆಲಸ. ಅದು ಅಪ್ಪನ ಪದ್ಧತಿ. ಬೆಂಚಿನ ಮೇಲೆ ಕೂತವನು ಸಿಟ್ಟು ಬಂದರೆ ಥಟ್ಟನೆ ಎದ್ದು ಹೋಗುತ್ತಾನೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದವನು ಏಳುವಷ್ಟರಲ್ಲಿ ಇನ್ನೊಂದು ಮಾತು ಕೇಳಿಸಿಕೊಂಡಿರುತ್ತಾನೆ ಎನ್ನುತ್ತಾರೆ. ಮೊಣಕಾಲು ನೋವೆಂದು ತಾವು ಮಾತ್ರ ಕುರ್ಚಿ ಹಾಕಿಸಿಕೊಳ್ಳುತ್ತಾರೆ.

ಅಪ್ಪ ಶಹಾಪುರದ ನಮ್ಮ ಸಭೆಯ ಪಾಸ್ಟರು. ರೆವರೆಂಡ್ ಸತ್ಯಮಿತ್ರ ಎಂಬ ಹೆಸರು ಚರ್ಚಿನ ಫಲಕದ ಮೇಲಷ್ಟೇ ಇದೆ. ಬಾಯಿಮಾತಿಗೆ ಎಲ್ಲರಿಗೂ ಅವರು ಅಯ್ಯಾರು. ಅವರ ಪಂಚಾಯ್ತಿಗೆ ಎರಡೇ ನಿಯಮ. ಎದುರಿಗೆ ಇಲ್ಲದವರ ಮಾತು ಆಡುವಂತಿಲ್ಲ. ಮತ್ತು, ನಿನ್ನ ನೋವು ಹೇಳಿಕೊಳ್ಳುವ ಮೊದಲು ಎದುರಿನವನ ನೋವು ಏನೆಂದು ನೀನೇ ಹೇಳಬೇಕು, ಅವನು ‘ಹೌದು, ಅದೇ’ ಅನ್ನುವ ತನಕ. ಅತ್ತೆ ಸೊಸೆ, ಅಣ್ಣ ತಮ್ಮ, ಹಾಡುವವರು ಬಾರಿಸುವವರು, ಎಷ್ಟೋ ಜನ ಈ ಜಮಖಾನದ ಮೇಲೆ ಬೆವರಿ, ತಡವರಿಸಿ, ಕೊನೆಗೆ ಒಂದೇ ಲೋಟದ ನೀರು ಕುಡಿದು ಎದ್ದುಹೋಗಿದ್ದನ್ನು ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ಡಿಗ್ರಿ ಮುಗಿಸಿದರೂ ಚರ್ಚಿನಲ್ಲಿ ಎದ್ದು ನಿಂತು ಬೈಬಲ್ ವಚನ ಓದಲು ಬಾಯಿ ಬಾರದ ನನಗೆ ಅದೊಂದು ಪವಾಡದಂತೆ ಕಾಣುತ್ತಿತ್ತು.

ಈ ಶನಿವಾರ ಮಾತ್ರ ಹಾಸಿದ ಜಮಖಾನವನ್ನೇ ಎಳೆದೆಳೆದು ಮತ್ತೆ ಹಾಸಿದೆ. ಇಂದು ದ್ಯಾವಪ್ಪ ಕಾಕಾನ ಫೈಸಲಾ. ಅವನು ನಮ್ಮ ಚರ್ಚಿನ ಗಂಟೆ ಹೊಡೆಯುವವನು. ಅವನಪ್ಪನೂ ಹೊಡೆದವನೇ. ಗೋಪುರದ ಕೀಲಿ ಅವನ ಉಡಿದಾರದಲ್ಲಿರುತ್ತದೆ, ಅವನ ಮನೆ ಎಂದರೆ ಕಂಪೌಂಡಿನ ಮೂಲೆಯ ಒಂಟಿ ಕೋಣೆ, ಊರವರ ಮಾತಿನಲ್ಲಿ ಕೋಲಿ. ತಪ್ಪು ಅವನದೇ ಎಂದಾದರೆ ಇಂದು ಕೀಲಿಯೂ ಹೋಗುತ್ತದೆ, ಕೋಣೆಯೂ ಹೋಗುತ್ತದೆ. ತಪ್ಪು ಅವನದಲ್ಲ ಎಂಬುದು ಅವನ ಹೊರತು ಇಬ್ಬರಿಗೇ ಗೊತ್ತಿತ್ತು, ಅಪ್ಪನಿಗೆ ಮತ್ತು ನನಗೆ.

ನಡೆದದ್ದು ಇಷ್ಟು. ನನ್ನ ಅವ್ವ ಹೋಳಿಯ ಮುಂಚಿನಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಬಿಪಿ ಎಂದು ಜನರಿಗೆ ಹೇಳುತ್ತಿದ್ದೆವು. ಅದು ಬಿಪಿ ಅಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು, ಅಂಗಳಕ್ಕೆ ಬರಲು ಹೆದರುತ್ತಿದ್ದಳು, ಗಂಟೆಯ ಸಪ್ಪಳವಾದರೆ ಕಿವಿ ಮುಚ್ಚಿಕೊಂಡು ಮೂಲೆಗೆ ಕೂರುತ್ತಿದ್ದಳು. ಸುರಪುರದ ತವರಿಗೆ ಹೋಗುತ್ತಾಳೆಂದು ಹೇಳಿ ಅಪ್ಪ ಅವಳನ್ನು ಕಲಬುರಗಿಯ ಡಾಕ್ಟರ ಬಳಿ ಕರೆದೊಯ್ಯುತ್ತಿದ್ದರು. ಅವರು ಕೊಟ್ಟ ಮಾತ್ರೆ ನುಂಗಿ ಒಂದು ಬೆಳಿಗ್ಗೆ ಅವಳು ಕೊನೆಗೂ ಮಲಗಿದಳು. ನಾನು ಅಂದು ಕೆಲಸದ ಪರೀಕ್ಷೆ ಬರೆಯಲು ಯಾದಗಿರಿಗೆ ಹೋಗಿದ್ದೆ. ಅಪ್ಪನಿಗೆ ಭೀಮರಾಯನಗುಡಿಯ ಕ್ಯಾಂಪಿನಲ್ಲಿ ಪ್ರಾರ್ಥನಾ ಕೂಟ. ಹೋಗುವ ಮುನ್ನ ಅವರು ದ್ಯಾವಪ್ಪ ಕಾಕಾನನ್ನು ಕರೆದು ನಮ್ಮ ಬಂಗ್ಲೆಯ ಕಟ್ಟೆಯ ಮೇಲೆ ಕೂರಿಸಿ ಹೀಗೆ ಹೇಳಿದ್ದನ್ನು ಆಮೇಲೆ ಅವರೇ ನನಗೆ ತಿಳಿಸಿದರು: “ಇವತ್ತ ಏನೇ ಆಗ್ಲಿ, ಗಂಟಿ ಮುಟ್ಟಬ್ಯಾಡ. ಯಾಕಂತ ಯಾರಿಗೂ ಹೇಳಬ್ಯಾಡ.”

ಆ ಮಧ್ಯಾಹ್ನವೇ ನಮ್ಮ ಸಭೆಯ ಸುನೀಲಕುಮಾರನ ತಾಯಿ ಮಲ್ಲಿಕಮ್ಮ, ನಾವೆಲ್ಲ ಮಲ್ಲಕ್ಕ ಎನ್ನುತ್ತಿದ್ದವಳು, ತೀರಿಕೊಂಡಳು. ಸುನೀಲಕುಮಾರ ಓಡಿ ಬಂದ. ಕಾಕಾ ಗಂಟೆ ಹೊಡೆಯಲಿಲ್ಲ. ಅಪ್ಪನ ಫೋನು ಕೂಟದಲ್ಲಿ ಸದ್ದಿಲ್ಲದೆ ಮಿಣುಕುತ್ತಲೇ ಇತ್ತು. ಬೇಸಿಗೆಯ ಬಿಸಿಲು, ಹೆಣ ಇಡುವಂತಿರಲಿಲ್ಲ. ಅಪ್ಪ ತಿರುಗಿ ಬಂದಾಗ ಮೆರವಣಿಗೆ ಸ್ಮಶಾನದ ದಾರಿ ಹಿಡಿದಾಗಿತ್ತು. ಅವರು ನೇರ ಕುಣಿಯ ಬಳಿಗೇ ಹೋಗಿ ಸೇರಿಕೊಂಡರು.

ನಮ್ಮ ಸಭೆಯಲ್ಲಿ ಗಂಟೆಯಿಲ್ಲದೆ ಮಣ್ಣಾಗುವವರು ಒಂದೇ ಬಗೆಯವರು, ಶಿಸ್ತು ಮುರಿದರೆಂದು ಸಭೆಯಿಂದ ಹೊರಗಿಟ್ಟವರು. ಮಲ್ಲಿಕಮ್ಮ ಹಾಗಿರಲಿಲ್ಲ. ಆದರೆ ಕೊನೆಗಾಲದಲ್ಲಿ ಮೊಣಕಾಲು ನೋವು ತಡೆಯಲಾರದೆ ಪಕ್ಕದ ಮನೆಯ ಖಾಜಾಬೀಯ ಜೊತೆ ದರ್ಗಾಕ್ಕೆ ಹೋಗಿ ಮುಂಗೈಗೆ ದಾರ ಕಟ್ಟಿಸಿಕೊಂಡಿದ್ದಳು. ಹೆಣದ ಕೈಯಲ್ಲಿ ಆ ದಾರ ಕಂಡಿತು, ಗಂಟೆ ಕೇಳಲಿಲ್ಲ. ಜನ ಎರಡನ್ನೂ ಕೂಡಿಸಿದರು.

ಹೊಡೆಯದ ಆ ಗಂಟೆಗೆ ಬಾಯಿ ಇದ್ದಿದ್ದರೂ ಅದು ಮಲ್ಲಿಕಮ್ಮನ ಬಗ್ಗೆ ಇಷ್ಟು ಕೆಟ್ಟದ್ದನ್ನು ಆಡುತ್ತಿರಲಿಲ್ಲ.

ಜಮಖಾನ ಹಾಸಿ ಹೋದಾಗ ಅಪ್ಪ ಚರ್ಚಿನ ಬದಿಯ ಸಣ್ಣ ಕೋಣೆಯಲ್ಲಿ ನಿಲುವಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಪಂಚಾಯ್ತಿಗೆ ನಿಲುವಂಗಿ ತೊಡುವವರಲ್ಲ ಅವರು. ಇಂದು ತೊಟ್ಟಿದ್ದರು.

“ಅಪ್ಪಾ, ಹೇಳ್ತೀರಲ್ಲಾ?” ಎಂದೆ. ಅಷ್ಟು ಕೇಳುವುದಕ್ಕೆ ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಅಂದುಕೊಂಡು ನೋಡಿದ್ದೆ.

“ಏನಂತ ಹೇಳ್ಲಿ ಪಮ್ಮಿ?”

“ಕಾಕಾಗ ಗಂಟಿ ಬ್ಯಾಡ ಅಂದಾವ್ರು ನೀವು ಅಂತ.”

“ಯಾಕ ಬ್ಯಾಡ ಅಂದ್ರಿ ಅಂತ ಕೇಳ್ತಾರ. ಆಗ ನಿಮ್ಮವ್ವನ ಮಾತು ಬರ್ತದ. ಆಕಿ ಇಲ್ಲದಲ್ಲಿ ಆಕಿ ಮಾತು ಹೆಂಗ ಆಡ್ಲಿ? ನನ್ನ ನಿಯಮ ನಾನೇ ಮುರೀಲೇನು?”

ನಿಯಮ ಸರಿಯಾಗಿಯೇ ಇತ್ತು. ಆದರೆ ಅವರು ಅದನ್ನು ಹೇಳಿದ ರೀತಿ, ಬಿಸಿಲಿನಲ್ಲಿ ಸಿಕ್ಕ ನೆರಳಿಗೆ ಸರಿದು ನಿಂತವರ ಹಾಗಿತ್ತು. ನಾನು ಹೊರಗೆ ಬಂದೆ. ಆಡಬೇಕಾದ ಮಾತು ನನಗೆ ಯಾವಾಗಲೂ ಮೆಟ್ಟಿಲು ಇಳಿದ ಮೇಲೆ ನೆನಪಾಗುತ್ತದೆ.

ಮೊದಲು ಬಂದವನು ಹಿರಿಯ ಅರ್ಜುನಪ್ಪ. ಸಭೆಯ ಕಮಿಟಿಯವನು, ಯಾವ ಹೊತ್ತಿನಲ್ಲೂ ನಗಿಸಲು ನೋಡುವವನು. ಹಿಂದೆಯೇ ಸುನೀಲಕುಮಾರ ಮತ್ತು ಅವನ ಅಕ್ಕ ಕಸ್ತೂರಿ ಬಂದರು. ಸುನೀಲಕುಮಾರ ಹತ್ತಿ ಮಿಲ್ಲಿನಲ್ಲಿ ಮೇಸ್ತ್ರಿ. ತಾಯಿ ಸತ್ತಾಗಿನಿಂದ ಗಡ್ಡ ತೆಗೆದಿರಲಿಲ್ಲ. ದ್ಯಾವಪ್ಪ ಕಾಕಾ ಎಲ್ಲರ ನಂತರ ಬಂದು, ಚಪ್ಪಲಿ ಬಿಟ್ಟು, ಜಮಖಾನದ ಅಂಚಿಗೆ ಕೂತ. ಆಗಲೇ ಕೀಲಿಯನ್ನು ಉಡಿದಾರದಿಂದ ಬಿಚ್ಚಿ ಕೈಯಲ್ಲಿ ಹಿಡಿದಿದ್ದ.

“ಅಯ್ಯಾರ ಕೋರ್ಟಿನಾಗ ವಕೀಲರ ಖರ್ಚಿಲ್ಲ ನೋಡ್ರಿ,” ಅರ್ಜುನಪ್ಪ ಶುರು ಮಾಡಿದ. “ನಮ್ಮ ದುಶ್ಮನನೇ ನಮ್ಮ ವಕೀಲ.”

ಯಾರೂ ನಗಲಿಲ್ಲ.

“ನಗಾಕ ಬಂದಿಲ್ಲ ಮಾವಾ,” ಎಂದಳು ಕಸ್ತೂರಿ. “ಇವತ್ತ ಫೈಸಲಾ ಆಗ್ಲಿಲ್ಲಂದ್ರ ನಾಳೆ ಯಾದಗಿರಿಗೆ ಹೋಗಿ ಸಭಾದ ಮ್ಯಾಲಿನ ಸಾಹೇಬ್ರ ಮುಂದ ಕೂಡ್ತೀವಿ. ಅಲ್ಲೂ ಆಗ್ಲಿಲ್ಲಂದ್ರ ಸುರಪುರದಾಗ ಬ್ಯಾರೆ ಪ್ರಾರ್ಥನಾ ಮಂದಿರ ಅದ. ನಮ್ಮ ಓಣಿ ಪೂರಾ ಅಲ್ಲಿಗೇ ಹೋಗ್ತದ.”

ಅಪ್ಪ ಕಣ್ಣು ಮುಚ್ಚಿ ಸಣ್ಣ ಪ್ರಾರ್ಥನೆ ಮಾಡಿದರು. ಅವರ ಪ್ರಾರ್ಥನೆ ಯಾವಾಗಲೂ ಸಣ್ಣದೇ. ಅಂದು ಇನ್ನೂ ಸಣ್ಣದಿತ್ತು.

“ದ್ಯಾವಪ್ಪ, ಮೊದಲು ನೀ ಹೇಳು. ಸುನೀಲಕುಮಾರನ ನೋವು ಏನದ?”

ಕಾಕಾ ಜಮಖಾನದ ಗೆರೆಯನ್ನೇ ನೋಡುತ್ತ ಮಾತಾಡಿದ. “ಈತ ಬರಿಗಾಲಿಲೆ ಓಡಿ ಬಂದಾನ್ರಿ. ನಾ ಬಂಗ್ಲೆ ಕಟ್ಟಿ ಮ್ಯಾಲ ಕೂತಿದ್ದೆ. ಕಾಕಾ, ನಮ್ಮವ್ವ ಹೋದಳು, ಗಂಟಿ ಹೊಡಿ ಅಂದ. ಇವತ್ತ ಆಗಂಗಿಲ್ಲ ತಮ್ಮಾ ಅಂದೆ. ಯಾಕ ಅಂದ. ನಾ ಹೇಳ್ಲಿಲ್ಲ. ಕಾಲು ಹಿಡೀತೀನಿ ಅಂದ. ಹಿಡದ. ಆಗೂ ಏಳ್ಲಿಲ್ಲ ನಾನು.”

ಸುನೀಲಕುಮಾರ ಮುಖ ಆ ಕಡೆ ತಿರುಗಿಸಿದ.

“ಹೊಲಕ್ಕ ಹೋದ ಮಂದಿಗೆ ಗೊತ್ತಾಗ್ಲಿಲ್ಲ. ಸಗರದಿಂದ ಮಲ್ಲಕ್ಕನ ತಂಗಿ ಬರೋದ್ರಾಗ ಮಣ್ಣಾಗಿತ್ತು. ಅದೂ ತಡಕೋತಾನ ಈತ. ಆದ್ರ ಗಂಟಿ ಇಲ್ದ ಮಣ್ಣು ಮಾಡಿದ್ರ ಏನರ್ಥ? ಸಭಾ ಬಿಟ್ಟಾಕಿ ಅಂತ. ದರ್ಗಾದ ದಾರ ಕಟ್ಕೊಂಡಾಳ, ಅದಕ್ಕ ದೇವರು ಗಂಟಿ ಹೊಡಿಸ್ಲಿಲ್ಲ ಅಂತಾರ ಮಂದಿ. ಮುಂಜಾನೆದ್ದು ನಮಗೆಲ್ಲ ಹಾಡು ಕಲಿಸಿದಾಕಿ ಆಕಿ. ಹೆತ್ತಾಕಿ ಮ್ಯಾಲ ಇಂಥ ಮಾತು ಕೇಳ್ಕೋತ ಈತ ಮಿಲ್ಲಿಗೆ ಹೋಗ್ಬೇಕು, ಸಂತಿಗೆ ಹೋಗ್ಬೇಕು. ಅದೇ ಈತನ ನೋವು.”

ಅಪ್ಪ ಸುನೀಲಕುಮಾರನ ಕಡೆ ನೋಡಿದರು.

“ಹೌದು,” ಎಂದ. “ಅದೇ.”

ಇಂಥ ಗಳಿಗೆಯಲ್ಲಿ ಸಾಮಾನ್ಯವಾಗಿ ಗಂಟು ಸಡಿಲುತ್ತದೆ. ಯಾರಾದರೂ ಅಳುತ್ತಾರೆ, ಯಾರಾದರೂ ನೀರು ಕೇಳುತ್ತಾರೆ. ಇಲ್ಲಿ ಸುನೀಲಕುಮಾರನ ದವಡೆ ಇನ್ನೂ ಬಿಗಿಯಾಯಿತು. “ಇಷ್ಟೆಲ್ಲಾ ಗೊತ್ತದ ನಿನಗ. ಗೊತ್ತಿದ್ದೂ ಹೊಡೀಲಿಲ್ಲ.”

“ಈಗ ನೀ ಹೇಳಪ್ಪ. ದ್ಯಾವಪ್ಪನ ನೋವು,” ಎಂದರು ಅಪ್ಪ.

“ಅದರಾಗ ಕಷ್ಟ ಏನದ? ಹೋದ ವರ್ಷ ನಾ ಕಮಿಟಿಯೊಳಗ ಮೈಕಿನ ಗಂಟಿ ಹಾಕ್ಸೋಣ ಅಂದೆ. ಮೊಬೈಲ್ ಒತ್ತಿದ್ರ ಸಾಕು, ಊರು ತುಂಬ ಕೇಳಿಸ್ತದ ಅಂದೆ. ಹಗ್ಗ ಜಗ್ಗೋ ಮುದುಕ ಬ್ಯಾಡ ಅಂದಂಗ ಆತು ಅವಗ. ಅವರಪ್ಪ ಹಿಡಿದ ಹಗ್ಗ ನಾ ಕಸಗೊಳಾಕ ಬಂದೀನಿ ಅನ್ಕೊಂಡ. ಅದನ್ನ ಎದಿಯಾಗ ಇಟ್ಕೊಂಡು, ನಮ್ಮವ್ವನ ಹೆಣದ ಮ್ಯಾಲ ತೀರಿಸ್ಕೊಂಡ.”

“ಬರೋಬರ್ ಅದನಾ ದ್ಯಾವಪ್ಪ?” ಎಂದು ಅಪ್ಪ ಕೇಳಿದರು.

ಕಾಕಾ ತಲೆಯೆತ್ತಿ ಒಮ್ಮೆ ಅಪ್ಪನನ್ನು ನೋಡಿದ. ಬೇಡುವ ನೋಟವಲ್ಲ, ದೂರುವ ನೋಟವೂ ಅಲ್ಲ. ಏನನ್ನೋ ಕಾಯುವ ನೋಟ. ಅಪ್ಪ ಕುರ್ಚಿಯ ಕೈ ಹಿಡಿದುಕೊಂಡರು. ಕಾಕಾ ತಲೆ ತಗ್ಗಿಸಿದ.

“ಹೌದ್ರಿ,” ಎಂದ. “ಅದೇ.”

ನಾನು ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ಅಪ್ಪನ ಪದ್ಧತಿ ಅಕ್ಷರ ತಪ್ಪದೆ ನಡೆದಿತ್ತು. ಇವನು ಅವನ ನೋವು ಹೇಳಿದ್ದ, ಅವನು ಇವನದು ಹೇಳಿದ್ದ, ಎರಡಕ್ಕೂ ಹೌದು ಸಿಕ್ಕಿತ್ತು. ಎರಡನೆಯದು ಪೂರಾ ಸುಳ್ಳು.

“ಆತಲ್ಲ?” ಕಸ್ತೂರಿ ಸೆರಗು ಕೊಡವಿದಳು. “ಬಾಯಿಬಿಟ್ಟು ಒಪ್ಕೊಂಡ. ಕೀಲಿ ಕೊಡ್ಸ್ರಿ. ಕೋಲಿ ಖಾಲಿ ಮಾಡ್ಸ್ರಿ.”

“ಜರಾ ತಡಿ ತಂಗಿ,” ಎಂದ ಅರ್ಜುನಪ್ಪ. “ಈ ವಯಸ್ಸಿನಾಗ ಅವ ಎಲ್ಲಿಗೆ ಹೋಗ್ಬೇಕು?”

“ನಮ್ಮವ್ವ ಎಲ್ಲಿಗೆ ಹೋದಳು ಅಂತ ಕೇಳ್ದಿ ಏನು ನೀ?”

ಕಾಕಾ ಕೀಲಿಯನ್ನು ಜಮಖಾನದ ನಡುವೆ ಇಟ್ಟ. ಅಪ್ಪ ಅದನ್ನೇ ನೋಡುತ್ತ ಕೂತರು. “ಚಹಾ... ಚಹಾ ಕುಡಿಯೋಣ ಮೊದಲು,” ಎಂದರು. “ಪಮ್ಮಿ, ಚಹಾ ತಗೊಂಬಾ.”

ಚರ್ಚಿನಿಂದ ಬಂಗ್ಲೆಗೆ ಒಂದು ಅಂಗಳದ ದಾರಿ. ನಾನು ಓಡಿದೆ.

ಅವ್ವ ಒಳಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು, ಮೊರದ ಮುಂದೆ ಕೂತು ಪುಂಡಿಪಲ್ಯದ ಸೊಪ್ಪು ಸೋಸುತ್ತಿದ್ದಳು. ಮಾತ್ರೆಯಿಂದ ಅವಳ ಕೈ ನಿಧಾನವಾಗಿತ್ತು, ಆದರೆ ಈಚೆಗೆ ನಡುಕ ಕಡಿಮೆಯಾಗಿತ್ತು. ನಾನು ಒಲೆ ಹಚ್ಚಲಿಲ್ಲ. ಅವಳೆದುರು ಕೂತೆ. ಅಪ್ಪನ ನಿಯಮವನ್ನು ದಾರಿಯುದ್ದಕ್ಕೂ ಮಗುಚಿ ನೋಡಿದ್ದೆ. ಇಲ್ಲದವರ ಮಾತು ಆಡುವಂತಿಲ್ಲ ಎಂದರೆ, ಇಲ್ಲದವರನ್ನು ಕರೆಯಬಾರದು ಎಂದೇನಲ್ಲ.

“ಅವ್ವಾ, ಮಲ್ಲಕ್ಕ ಸತ್ತ ದಿನ ಗಂಟಿ ಹೊಡೀಲಿಲ್ಲ.”

ಅವಳ ಬೆರಳು ದಂಟಿನ ಮೇಲೆ ನಿಂತಿತು. “ಹೊಡೀಲಿಲ್ಲಾ?”

“ನೀ ಮಲಗಿದ್ದಿ. ಅಪ್ಪ ಕಾಕಾಗ ಗಂಟಿ ಮುಟ್ಟಬ್ಯಾಡ ಅಂತ ಹೇಳಿ ಹೋಗಿದ್ರು. ಸುನೀಲಣ್ಣ ಬಂದು ಕಾಲು ಹಿಡಿದ್ರೂ ಕಾಕಾ ಹೊಡೀಲಿಲ್ಲ. ಯಾಕಂತನೂ ಹೇಳ್ಲಿಲ್ಲ. ಈಗ ಅಲ್ಲಿ ಕೀಲಿ ಇಟ್ಟಾನ. ಕೋಲಿ ಬಿಡಸಾಕತ್ತಾರ.”

ನನ್ನ ಜೀವನದಲ್ಲಿ ಒಂದೇ ಉಸಿರಿಗೆ ಅಷ್ಟು ಮಾತು ನಾನು ಆಡಿದ್ದು ಅದೇ ಮೊದಲು. ಆಡಿದ ಮೇಲೆ ಹೆದರಿಕೆಯಾಯಿತು. ಅವಳು ಮತ್ತೆ ಮೂಲೆಗೆ ಸರಿದರೆ? ಮತ್ತೆ ನಿದ್ದೆ ಬಿಟ್ಟರೆ? ಡಾಕ್ಟರು ಮನಸ್ಸಿಗೆ ಭಾರವಾಗುವ ಮಾತು ಬೇಡ ಎಂದಿದ್ದರು.

ಅವ್ವ ಸೋಸಿದ ಎಲೆಗಳನ್ನು ಒಂದೊಂದಾಗಿ ಒಟ್ಟುಮಾಡಿದಳು.

“ಗಂಟಿ ಹೊಡದಾರ, ನನಗ ಕೇಳಿಸಿಲ್ಲ ಅನ್ಕೊಂಡಿದ್ದೆ ಪಮ್ಮಿ,” ಎಂದಳು ಕೊನೆಗೆ. “ಗಂಟಿ ಹೊಡೆದ್ರೂ ಎಚ್ಚರಾಗದಂಗ ಮಲಗೀನಿ, ಅಂದ್ರ ಆರಾಮ ಆಗಾಕತ್ತೀನಿ ಅಂತ ದೇವರಿಗೆ ಸ್ತೋತ್ರ ಮಾಡಿದ್ದೆ. ದಿನಾ ಮಾಡ್ತಿದ್ದೆ.”

ಇದು ನನಗೂ ಗೊತ್ತಿರಲಿಲ್ಲ. ಅಪ್ಪನಿಗಂತೂ ಗೊತ್ತೇ ಇರಲಾರದು.

“ನಿಮ್ಮಪ್ಪ ಏನಂದ್ರು?”

“ನೀ ಇಲ್ಲದಲ್ಲಿ ನಿನ್ನ ಮಾತು ಆಡಬಾರ್ದು ಅಂದ್ರು.”

ಅವಳು ನಕ್ಕಳು. ಎಷ್ಟೋ ತಿಂಗಳ ಮೇಲೆ ಕೇಳಿದ ನಗೆ, ಆದರೆ ಸಿಹಿಯದಲ್ಲ. “ನಾ ಎಲ್ಲಿ ಹೋಗೀನಿ ಇಲ್ಲದಾಕಿ ಆಗಾಕ? ಗೋಡಿ ಈ ಕಡಿ ಇದ್ದೀನಲ್ಲ.” ಮೊರ ಸರಿಸಿದಳು. “ಏಳು. ಮಾರಿ ತೊಳ್ಕೋತೀನಿ. ನೀರು ಹಾಕು.”

ಬಾಗಿಲ ತನಕ ಬಂದಳು. ಹೊಸ್ತಿಲ ಬಳಿ ನಿಂತುಬಿಟ್ಟಳು. ಎದುರಿಗೆ ಬಿಳಿ ಬಿಸಿಲು, ಅಂಗಳ, ಆ ಕಡೆ ಗೋಪುರ. ಅವಳ ಉಸಿರು ಮೇಲೆ ಕೆಳಗೆ ಆಗುತ್ತಿರುವುದು ಸೆರಗಿನಲ್ಲಿ ಕಾಣುತ್ತಿತ್ತು. ನಾನು ಬಾ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಅವಳು ನನ್ನ ಮೊಣಕೈ ಹಿಡಿದಳು, ಉಗುರು ಊರುವಷ್ಟು ಗಟ್ಟಿಯಾಗಿ. ಹಾಗೇ ಅಂಗಳ ದಾಟಿದೆವು.

ಚರ್ಚಿನಲ್ಲಿ ಚಹಾ ಬಂತೆಂದು ತಲೆಯೆತ್ತಿದವರು ಅವ್ವನನ್ನು ಕಂಡು ಸರಿದು ಜಾಗ ಬಿಟ್ಟರು. ಅಪ್ಪ ಕುರ್ಚಿಯಿಂದ ಅರ್ಧ ಎದ್ದರು.

“ಸುವಾರ್ತಾ, ನೀ ಯಾಕ...”

“ನನ್ನ ಮಾತು ಇಲ್ಲಿ ಅದ ಅಂತ ಕೇಳ್ದೆ. ಬಂದೆ.” ಅವ್ವ ಬಂದು ದ್ಯಾವಪ್ಪ ಕಾಕಾನ ಪಕ್ಕ ಜಮಖಾನದ ಮೇಲೆ ಕೂತಳು. ನನ್ನ ಮೊಣಕೈ ಬಿಡಲಿಲ್ಲ, ನಾನೂ ಕೂರಬೇಕಾಯಿತು.

“ಅಮ್ಮಾರ, ಬ್ಯಾಡ್ರಿ,” ಕಾಕಾ ಮೆಲ್ಲಗೆ ಅಂದ. “ಮುಗಿದದ ಇದು.”

“ನಿನ್ನ ಪಾಲಿಗೆ ಮುಗಿದದ. ನನ್ನ ಪಾಲಿಂದು ಬಾಕಿ ಅದ.” ಅವಳು ಸುನೀಲಕುಮಾರನ ಕಡೆ ತಿರುಗಿದಳು. “ತಮ್ಮಾ, ನನಗ ನಿದ್ದಿ ಬರಂಗಿಲ್ಲ. ಬಿಪಿ ಅಲ್ಲ. ತಲೀದೊಂದು ಬ್ಯಾನಿ. ಎದಿಯಾಗ ಹೆದ್ರಿಕಿ ಕೂತದ. ಗಂಟಿ ಕೇಳಿದ್ರ ತಲಿಯೊಳಗ ಯಾರೋ ಬಡದಂಗ ಆಗ್ತದ. ಸುರಪುರಕ್ಕ ಅಂತ ಹೇಳಿ ಕಲಬುರಗಿಗೆ ಹೋಗ್ತೀನಿ ಡಾಕ್ಟರ್ ಹತ್ರ. ಪಾಸ್ಟರ್ ಹೆಂಡತಿಗೇ ಹಿಂಗಾದ್ರ ಪ್ರಾರ್ಥನಾ ಏನು ಕೆಲಸ ಮಾಡ್ತದ ಅಂತ ಮಂದಿ ಕೇಳ್ತಾರಂತ ಮುಚ್ಚಿಟ್ಟೀವಿ. ಅವತ್ತ ನಾ ಮಲಗಿದ್ದೆ. ನನ್ನ ನಿದ್ದಿ ಕಾಯಾಕ ಈ ಮುದುಕನ್ನ ಕಟ್ಟಿ ಮ್ಯಾಲ ಕೂಡ್ಸಿ, ಗಂಟಿ ಮುಟ್ಟಬ್ಯಾಡ, ಯಾರಿಗೂ ಹೇಳಬ್ಯಾಡ ಅಂದಿದ್ರು. ಅವ ಮಾತು ಉಳಿಸ್ಕೊಂಡ. ನಿನ್ನ ಕಣ್ಣೀರ ಮುಂದನೂ ಉಳಿಸ್ಕೊಂಡ.”

“ಯಾರು ಅಂದಿದ್ರು?” ಸುನೀಲಕುಮಾರನಿಗೆ ಉತ್ತರ ಗೊತ್ತಾಗಿತ್ತು. ಆದರೂ ಕೇಳಿದ. ಕೇಳುತ್ತ ಕುರ್ಚಿಯ ಕಡೆ ನೋಡಿದ.

“ನಾನು,” ಎಂದರು ಅಪ್ಪ.

ಕಸ್ತೂರಿ ಎದ್ದೇಬಿಟ್ಟಳು. “ನೀವಾ? ನೀವು ಮಾಡಿ, ಮ್ಯಾಲೆ ಕೂತು ನ್ಯಾಯ ಹೇಳಾಕತ್ತಿದ್ರಿ? ನನ್ನ ತಮ್ಮನ ಬಾಯಿಲೆ ಈ ಮುದುಕನ್ನ ಬೈಸಿದ್ರಿ?”

“ಕೂಡು ತಂಗಿ,” ಎಂದ ಅರ್ಜುನಪ್ಪ. ಅವನ ಮುಖದಲ್ಲೂ ನಗೆ ಇರಲಿಲ್ಲ.

“ಕೂಡಂಗಿಲ್ಲ. ಕೂತಿದ್ದು ಸಾಕು.”

ಅಪ್ಪ ಕುರ್ಚಿಯಿಂದ ಇಳಿದರು. ಮೊಣಕಾಲು ನೋವು ನೆಪವಲ್ಲ, ನಿಜವಾಗಿಯೂ ಇತ್ತು. ಒಂದು ಕೈ ನೆಲಕ್ಕೂರಿ, ತುಟಿ ಕಚ್ಚಿ, ಸುನೀಲಕುಮಾರನ ಎದುರಿಗೆ ಕೂರುವಾಗ ನಿಲುವಂಗಿ ಕಾಲಿಗೆ ಸಿಕ್ಕಿ ಹೆಗಲ ಹೊಲಿಗೆ ಬಿಟ್ಟಿತು. ಅವರನ್ನು ಹಿಡಿದುಕೊಳ್ಳಲು ಯಾರೂ ಕೈ ಚಾಚಲಿಲ್ಲ.

“ನಿನ್ನ ನೋವು ನಾ ಹೇಳ್ಬೇಕು,” ಎಂದರು.

“ಕಾಕಾ ಹೇಳ್ಯಾನಲ್ಲ.”

“ಅವ ಅವನ ಪಾಲಿಂದು ಹೇಳ್ಯಾನ. ನನ್ನ ಪಾಲಿಂದು ಹೇಳಿಲ್ಲ.” ಅಪ್ಪ ಉಸಿರು ಎಳೆದುಕೊಂಡರು. “ಗಂಟಿ ಬ್ಯಾಡ ಅಂದಿದ್ದು ಗಲತಿ. ಮನಿ ಕಷ್ಟ, ಅದಕ್ಕರ ಮಾಫಿ ಇರಬಹುದು.”

ಅಪ್ಪ ಸುನೀಲಕುಮಾರನನ್ನೇ ನೋಡುತ್ತ ಮುಂದುವರಿಸಿದರು.

“ಸ್ಮಶಾನದಾಗ ನಿಮ್ಮವ್ವನ ಕುಣಿ ಮುಂದ ನಾ ನಿಂತಿದ್ದೆ. ಹಿಂದ ಹೆಂಗಸ್ರು ದಾರದ ಮಾತು ಆಡಾಕತ್ತಿದ್ರು. ನನಗ ಕೇಳಸ್ತು. ನಿನಗೂ ಕೇಳಸ್ತು. ನೀ ನನ್ನ ಕಡಿ ನೋಡ್ದಿ. ಅಯ್ಯಾರು ಈಗ ಒಂದು ಮಾತು ಹೇಳ್ತಾರ, ಮಲ್ಲಿಕಮ್ಮ ನಮ್ಮಾಕಿ ಅಂತ ಅಂತಾರ ಅಂತ ನೋಡ್ದಿ. ನಾ ಕೇಳದವನಂಗ ಪುಸ್ತಕದ ಹಾಳಿ ತಿರುವಿದೆ.”

ಹೊರಗೆ ಬಸ್‌ಸ್ಟ್ಯಾಂಡಿನ ಕಡೆಯಿಂದ ಕಂಡಕ್ಟರನ ಕೂಗು ಬಂದುಹೋಯಿತು. ಸುನೀಲಕುಮಾರನ ಕಣ್ಣು ಕೆಂಪಾಗಿದ್ದವು. ಅವನ ಎರಡೂ ಮುಷ್ಟಿ ತೊಡೆಯ ಮೇಲಿದ್ದವು. ಹೊಡೆದುಬಿಡುತ್ತಾನೇನೋ ಅನಿಸಿ ನಾನು ಅವ್ವನಿಗೆ ಇನ್ನಷ್ಟು ಒತ್ತಿಕೊಂಡೆ.

“ಹೌದು,” ಎಂದ ಅವನು. “ಅದೇ. ಗಂಟಿ ಅಲ್ಲ. ಅದೇ.”

“ಹೌದು ಅಂದ್ರ ಮಾಫ್ ಅಂತಲ್ಲ ಮತ್ತ,” ಎಂದಳು ಕಸ್ತೂರಿ. ಆದರೆ ಕೂತಳು.

“ಮಾಫ್ ಕೇಳಂಗಿಲ್ಲ ನಾ ಇವತ್ತ. ನಾಳೆ ಆರಾಧನೆಯೊಳಗ ಎಲ್ಲರ ಮುಂದ ಹೇಳ್ತೀನಿ. ಗಂಟಿ ನಿಲ್ಲಿಸಿದಾವ ನಾನು, ಮಲ್ಲಿಕಮ್ಮ ಕಡೀತನಕ ಈ ಸಭಾದಾಕಿ ಅಂತ. ಆಮ್ಯಾಲ ಯಾದಗಿರಿಗೆ ಹೋಗ್ತೀರಿ ಅಂದ್ರ ನಾನೇ ಜೋಡಿ ಬರ್ತೀನಿ.”

“ಯಾಕ ನಿಲ್ಲಿಸಿದ್ರಿ ಅಂತ ಕೇಳಿದ್ರ?” ಅರ್ಜುನಪ್ಪ ಕೇಳಿದ.

ಅಪ್ಪ ಅವ್ವನ ಕಡೆ ನೋಡಿದರು. ಅವರು ಅವಳನ್ನು ಏನನ್ನಾದರೂ ಕೇಳುವ ಹಾಗೆ ನೋಡಿದ್ದನ್ನು ನಾನು ಕಂಡಿದ್ದು ಕಡಿಮೆ. ಮನೆಯಲ್ಲಿ ಅವರು ಹೇಳುತ್ತಾರೆ, ನಾವು ಕೇಳುತ್ತೇವೆ. ಜಮಖಾನ ಮನೆಯೊಳಗೆ ಎಂದೂ ಬಂದದ್ದಿಲ್ಲ.

“ಅದು ನನ್ನ ಮಾತು,” ಎಂದಳು ಅವ್ವ. “ಹೇಳೋ ಹಂಗ ಆದಾಗ ನಾನೇ ಹೇಳ್ಕೋತೀನಿ. ಆಗ್ಲಿಲ್ಲಂದ್ರ ಇಲ್ಲ. ಕೇಳಿದವ್ರಿಗೆ, ಆಕೀನ ಕೇಳ್ರಿ ಅನ್ರಿ.”

ಕಸ್ತೂರಿ ಅವ್ವನನ್ನೇ ದಿಟ್ಟಿಸುತ್ತಿದ್ದಳು. ಆಮೇಲೆ, ಅದೇ ಬಿರುಸು ದನಿಯಲ್ಲಿ, “ನಮ್ಮವ್ವನೂ ಕಡೀ ವರ್ಷ ನಿದ್ದಿ ಮಾಡ್ತಿದ್ದಿಲ್ಲ,” ಎಂದಳು. “ಖಾಜಾಬೀ ಹತ್ರ ಹೋಗಿ ಕೂಡ್ತಿದ್ದಳು. ನಿಮ್ಮ ಬಂಗ್ಲೆ ಬಾಗಿಲು ಮುಚ್ಚಿರ್ತಿತ್ತು. ಇಲ್ಲಂದ್ರ ಇಲ್ಲೇ ಬರ್ತಿದ್ದಳು.”

ಅವ್ವ ತಲೆಯಾಡಿಸಿದಳು. ನನ್ನ ಮೊಣಕೈ ಆಗ ಬಿಟ್ಟಳು.

ಎಲ್ಲರೂ ದ್ಯಾವಪ್ಪ ಕಾಕಾನನ್ನು ಮರೆತಂತಿತ್ತು. ಸುನೀಲಕುಮಾರನೇ ಮೊದಲು ನೆನೆದ. ಜಮಖಾನದ ನಡುವಿನ ಕೀಲಿ ಎತ್ತಿ ಅವನ ಮುಂದೆ ಹಿಡಿದ. “ತಗೋ ಕಾಕಾ. ನಾ ಅಂದದ್ದು... ಹೆಣದ ಮ್ಯಾಲ ತೀರಿಸ್ಕೊಂಡಿ ಅಂದದ್ದು...”

“ನೀ ಅಂದದ್ದು ಬಿಡು ತಮ್ಮಾ. ನಿನಗ ಗೊತ್ತಿದ್ದಿಲ್ಲ.” ಕಾಕಾ ಕೀಲಿ ತೆಗೆದುಕೊಂಡ. ಉಡಿದಾರಕ್ಕೆ ಕಟ್ಟಲಿಲ್ಲ.

ಅಪ್ಪ ಕೂತಲ್ಲೇ ಅವನ ಕಡೆ ಹೊರಳಿದರು. “ದ್ಯಾವಪ್ಪ, ಈಗ ನಿನ್ನ ನೋವು ನಾ ಹೇಳ್ಬೇಕು.”

“ಬ್ಯಾಡ್ರಿ.”

“ಹೇಳ್ತೀನಿ ತಡಿ.”

“ಬ್ಯಾಡಂದೆ.” ಕಾಕಾನ ದನಿ ಏರಿದ್ದನ್ನು ನಾನು ಎಂದೂ ಕೇಳಿರಲಿಲ್ಲ. “ಹೇಳ್ತೀರಿ ನೀವು, ಛಲೋ ಹೇಳ್ತೀರಿ. ನಾ ಹೌದು ಅನ್ಬೇಕಾಗ್ತದ. ಹೌದು ಅಂದಮ್ಯಾಲ ಸಿಟ್ಟು ಇಟ್ಕೊಳಾಕ ಬರಂಗಿಲ್ಲ. ಒಮ್ಮೆ ಸುಳ್ಳು ಹೌದು ಅಂದೀನಿ ಇಲ್ಲಿ. ನೀವು ಬಾಯಿ ಬಿಡ್ತೀರಿ ಅಂತ ನೋಡ್ದೆ, ನೀವು ಚಹಾ ತರಿಸಿದ್ರಿ. ನನಗ ಸಿಟ್ಟು ಬಂದದ ಅಯ್ಯಾರ. ಇರ್ಲಿ ಬಿಡ್ರಿ ಅದು ನಾಕು ದಿನ ನನ್ನ ಹತ್ರ.”

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಈ ಚರ್ಚಿನ ಜಮಖಾನದ ಮೇಲಿಂದ ಫೈಸಲಾ ಆಗದೆ ಎದ್ದುಹೋದ ಮೊದಲನೆಯ ಮನುಷ್ಯ ಅವನೇ ಇರಬೇಕು. ಅಪ್ಪ ಕರೆಯಲಿಲ್ಲ. ಕರೆಯುವ ಹಕ್ಕು ತಮಗಿಲ್ಲ ಎಂದು ಅವರಿಗೆ ಗೊತ್ತಾಗಿತ್ತು ಎಂದು ಅವರ ಬೆನ್ನು ನೋಡಿ ತಿಳಿದೆ.

ಬಿಸಿಲು ಇಳಿಯುವ ಹೊತ್ತಿಗೆ ಎಲ್ಲರೂ ಹೋದರು. ನಾನು ಜಮಖಾನ ಸುತ್ತಿಟ್ಟು ಬಂಗ್ಲೆಗೆ ಬಂದಾಗ ಅವ್ವ ಅಡುಗೆಮನೆಯ ಕಿಟಕಿ ತೆರೆದುಕೊಂಡು ನಿಂತಿದ್ದಳು. ಅಲ್ಲಿಂದ ಕಂಪೌಂಡಿನ ಮೂಲೆ ಕಾಣುತ್ತದೆ. ಕಾಕಾನ ಕೋಣೆಯ ಬಾಗಿಲು ಮುಚ್ಚಿತ್ತು. ಅಪ್ಪ ನಿಲುವಂಗಿ ಬಿಚ್ಚಿ ಬನಿಯನ್ನಿನ ಮೇಲೆಯೇ ಹೋಗಿ ಆ ಬಾಗಿಲ ಹೊರಗಿನ ಕಲ್ಲಿನ ಮೇಲೆ ಕೂತಿದ್ದರು. ಬಾಗಿಲು ಬಡಿಯಲಿಲ್ಲ, ಕೂಗಲಿಲ್ಲ. ಒಳಗಿನಿಂದ ಪಾತ್ರೆಯ ಸದ್ದು ಬರುತ್ತಿತ್ತು. ಒಮ್ಮೆ ಬಾಗಿಲು ತೆರೆಯಿತು. ಕಾಕಾ ತಂಬಿಗೆಯ ನೀರು ಅಂಗಳಕ್ಕೆ ಚೆಲ್ಲಿ, ಅಪ್ಪನನ್ನು ನೋಡಿ ಒಳಗೆ ಹೋದ. ಬಾಗಿಲು ಮತ್ತೆ ಮುಚ್ಚಿತು.

“ಅಪ್ಪನ್ನ ಕರೀಲಾ?” ಎಂದೆ. “ಮೊಣಕಾಲು ಹಿಡ್ಕೋತಾವ.”

“ಬ್ಯಾಡ,” ಎಂದಳು ಅವ್ವ. “ಕೂಡ್ಲಿ. ನೀ ಹಿಟ್ಟು ನಾದು, ನಾ ರೊಟ್ಟಿ ಬಡೀತೀನಿ.”

ಅವಳು ಕಿಟಕಿ ಮುಚ್ಚಲಿಲ್ಲ.